ಎರಡನೇ ರಾತ್ರಿಯ ಪಾಳಿ

ಹೆರಿಗೆ ವಾರ್ಡಿನಲ್ಲಿ ಎದೆಹಾಲಿನ ಕೆಲಸ ಕೆಡುವುದು ಹೆಚ್ಚಾಗಿ ಎರಡನೇ ರಾತ್ರಿ. ಮೊದಲ ದಿನ ಕೂಸು ಹುಟ್ಟಿದ ದಣಿವಿಗೆ ಮಲಗಿಯೇ ಇರುತ್ತದೆ. ನೋಡಲು ಬಂದವರ ಗದ್ದಲದಲ್ಲಿ ತಾಯಿಗೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ಎರಡನೇ ರಾತ್ರಿ ಹನ್ನೊಂದರ ಸುಮಾರಿಗೆ ಕೂಸಿಗೆ ಪೂರ್ತಿ ಎಚ್ಚರವಾಗುತ್ತದೆ. ಮೊಲೆಗೆ ಹಚ್ಚಿದರೆ ಹತ್ತು ನಿಮಿಷ ಚೀಪಿ ಬಿಡುತ್ತದೆ, ಮಲಗಿಸಿದ ಕೂಡಲೇ ಮತ್ತೆ ಅಳುತ್ತದೆ. ನಾಲ್ಕೈದು ಸಲ ಹೀಗಾದ ಮೇಲೆ, ಎರಡು ಗಂಟೆಯ ಹೊತ್ತಿಗೆ, ಬಾಣಂತಿಯ ಅವ್ವ ಸಿಸ್ಟರ್ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ.

"ಸಿಸ್ಟರ್, ಆಕೀಗೆ ಹಾಲ ಬರವಲ್ವುರಿ. ಕೂಸು ಒಂದ ಸವನ ಅಳಾಕತ್ತೈತಿ. ಡಬ್ಬಿ ಹಾಲರ ಬರದ ಕೊಡ್ರಿ."

ಹುಬ್ಬಳ್ಳಿ–ಧಾರವಾಡದ ಹೆರಿಗೆ ವಾರ್ಡುಗಳಲ್ಲಿ ರಾತ್ರಿ ಪಾಳಿ ಮಾಡಿದ ಯಾರಿಗೂ ಈ ಮಾತು ಹೊಸದಲ್ಲ. ಈ ಮಾತಿಗೆ ಸರಿಯಾದ ಉತ್ತರ ಹುಡುಕುತ್ತ ಹೋದಂತೆ ವಾರ್ಡಿನ ಕೆಲಸದ ಕ್ರಮವನ್ನೇ ಒಂದೊಂದಾಗಿ ಬದಲಿಸಬೇಕಾಯಿತು. ಯಾಕೆಂದರೆ ರಾತ್ರಿ ಎರಡಕ್ಕೆ ಬರುವ ಈ ದೂರಿನ ಬೇರು, ಅದಕ್ಕೂ ಒಂದೂವರೆ ದಿನ ಮೊದಲು ಹೆರಿಗೆ ಕೋಣೆಯಲ್ಲಿ ನಾವು ಏನು ಮಾಡಿದೆವು, ಏನು ಬಿಟ್ಟೆವು ಅನ್ನುವುದರಲ್ಲಿ ಇರುತ್ತದೆ.

ಮೊದಲು ಆ ರಾತ್ರಿಯ ಲೆಕ್ಕ. ಹುಟ್ಟಿದ ಮೊದಲ 24 ಗಂಟೆಯಲ್ಲಿ ಕೂಸು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿಲಿ. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30, ನಾಲ್ಕನೇ ದಿನ 30ರಿಂದ 60 ಮಿಲಿ. ಈ ಅಂಕಿಗಳನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. 5 ಮಿಲಿ ಚಮಚವೊಂದರಲ್ಲಿ ನೀರು ತುಂಬಿ ತೋರಿಸಿದರೆ ಅಜ್ಜಿಯರೂ ತಲೆಯಾಡಿಸುತ್ತಾರೆ: ಮೊದಲ ದಿನ ಒಂದು ಊಟ ಅಂದರೆ ಇಷ್ಟು. ಕಸ (ಮಾಸು) ಹೊರಬಿದ್ದ ಮೇಲೆ ಬಸಿರಿನ ಹಾರ್ಮೋನು ಪ್ರೊಜೆಸ್ಟರಾನ್ ಇಳಿದು, ಎದೆ ತುಂಬಿದ ಹಾಗೆ ಅನ್ನಿಸಲು ಸುಮಾರು ಎರಡರಿಂದ ಮೂರು ದಿನ ಬೇಕು. ಅಲ್ಲಿಯವರೆಗೆ ಇರುವುದು ಹಳದಿ ಬಣ್ಣದ ಅಂಟಂಟು ಗಿಣ್ಣದ ಹಾಲು. ಎರಡನೇ ರಾತ್ರಿ ಕೂಸು ಮತ್ತೆ ಮತ್ತೆ ಚೀಪಿದಾಗಲೇ ಹಾಲು ಮಾಡುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿ ಮೂರನೇ ದಿನದ ಹಾಲಿಗೆ ದಾರಿಯಾಗುತ್ತದೆ. ಅದೇ ರಾತ್ರಿ 30 ಮಿಲಿ ಡಬ್ಬಿ ಹಾಲು ಹಾಕಿದರೆ ಕೂಸು ಮೂರು ತಾಸು ಮಲಗುತ್ತದೆ, ಎಲ್ಲರಿಗೂ ನೆಮ್ಮದಿ. ಆದರೆ ಆ ಮೂರು ತಾಸು ಮೊಲೆ ಖಾಲಿಯಾಗಲಿಲ್ಲ. ಮರುದಿನ ಇನ್ನೊಂದು ಸಲ ಬೇಕಾಗುತ್ತದೆ, ಅದರ ಮರುದಿನ ಎರಡು ಸಲ. "ನಮ್ಮಾಕೀಗೆ ಹಾಲ ಇರಲೇ ಇಲ್ಲ" ಅನ್ನುವ ಮಾತು ಹೀಗೆ ನಿಜವಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ (2019–21) ದೇಶದ ಹೆರಿಗೆಗಳಲ್ಲಿ ಶೇ. 88.6 ಆಸ್ಪತ್ರೆಗಳಲ್ಲೇ ಆಗಿದ್ದವು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಿದ್ದು ಮಾತ್ರ ಶೇ. 41.8 ಮಕ್ಕಳನ್ನು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ತಪ್ಪನ್ನು ಮನೆಯವರ ಮೇಲೆ ಹಾಕಲು ಬರುವುದಿಲ್ಲ. ಆ ಒಂದು ಗಂಟೆ ಕೂಸು ನಮ್ಮ ಕೈಯಲ್ಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲೇ ಎದೆಹಾಲು ಕುಡಿಸಲು ಹೆರಿಗೆ ಆಸ್ಪತ್ರೆಗಳು ಪಾಲಿಸಬೇಕಾದ ಹತ್ತು ಹೆಜ್ಜೆಗಳನ್ನು ಹೇಳಿದ್ದವು, 2018ರಲ್ಲಿ ಅವನ್ನು ಪರಿಷ್ಕರಿಸಿದವು. ನಮ್ಮ ಕೇಂದ್ರ ಸರ್ಕಾರ 2016ರಲ್ಲಿ ಎದೆಹಾಲನ್ನು ಉತ್ತೇಜಿಸುವ 'ಮಾ' ಕಾರ್ಯಕ್ರಮ ಶುರು ಮಾಡಿತು. ಗೋಡೆಯ ಮೇಲೆ ಫಲಕ ಇಲ್ಲದ ವಾರ್ಡೇ ಇಲ್ಲ ಅನ್ನಬಹುದು. ಕೊರತೆ ಇರುವುದು ಹೆರಿಗೆ ಕೋಣೆಯ ಕೆಲಸದ ಸರದಿಯಲ್ಲಿ.

ಹಳೆಯ ಸರದಿ ಹೀಗಿತ್ತು: ಹೊಕ್ಕುಳಬಳ್ಳಿ ಕತ್ತರಿಸು, ಕಾವು ಕೊಡುವ ವಾರ್ಮರಿಗೆ ಒಯ್ಯು, ಒರೆಸು, ತೂಗು, ವಿಟಮಿನ್ ಕೆ ಚುಚ್ಚು, ಕೈಗೆ ಪಟ್ಟಿ ಕಟ್ಟು, ಸುತ್ತು, ಹೊರಗೆ ನಿಂತವರಿಗೆ ತೋರಿಸು. ಅಷ್ಟರಲ್ಲಿ ತಾಯಿಯ ಹೊಲಿಗೆ ಮುಗಿದು, ವಾರ್ಡಿಗೆ ಸಾಗಿಸಿ, ಮಂಚ ಹುಡುಕಿ ಎರಡು ತಾಸು. ಹುಟ್ಟಿದ ಕೂಸು ಚುರುಕಾಗಿ ಕಣ್ಣು ಬಿಟ್ಟಿರುವುದೇ ಮೊದಲ ಒಂದು–ಒಂದೂವರೆ ತಾಸು. ನಾವು ಅದನ್ನು ಮೊಲೆಗೆ ಹಚ್ಚುವ ಹೊತ್ತಿಗೆ ಅದು ಗಾಢ ನಿದ್ದೆಗೆ ಜಾರಿರುತ್ತಿತ್ತು.

ಈಗಿನ ಸರದಿಯಲ್ಲಿ, ಹುಟ್ಟಿದ ಕೂಡಲೇ ಅತ್ತ ಕೂಸನ್ನು ತಾಯಿಯ ಹೊಟ್ಟೆಯ ಮೇಲೆಯೇ ಒಣ ಬಟ್ಟೆಯಿಂದ ಒರೆಸಿ, ಒದ್ದೆ ಬಟ್ಟೆ ತೆಗೆದು, ಬರಿಮೈಯಲ್ಲಿ ತಾಯಿಯ ಬರಿ ಎದೆಯ ಮೇಲೆ ಕವುಚಿ ಮಲಗಿಸುತ್ತೇವೆ. ತಲೆಗೆ ಕುಲಾವಿ, ಇಬ್ಬರ ಮೇಲೂ ಒಂದೇ ಬಟ್ಟೆ. ಬಳ್ಳಿ ಕತ್ತರಿಸುವುದು 1ರಿಂದ 3 ನಿಮಿಷದ ನಂತರ. ತೂಕ, 1 ಮಿಗ್ರಾಂ ವಿಟಮಿನ್ ಕೆ, ಲಸಿಕೆ ಎಲ್ಲವೂ ಮೊದಲ ಹಾಲಿನ ನಂತರ. ಅವು ಒಂದು ತಾಸು ತಡವಾದರೆ ಏನೂ ಕೆಡುವುದಿಲ್ಲ. ಕೂಸಿನ ಕೈಗಳನ್ನು ಒರೆಸುವುದಿಲ್ಲ, ತಾಯಿಯ ಎದೆಯನ್ನೂ ತೊಳೆಯುವುದಿಲ್ಲ, ಏಕೆಂದರೆ ವಾಸನೆ ಹಿಡಿದೇ ಕೂಸು ಮೊಲೆಯ ಕಡೆ ಸರಿಯುತ್ತದೆ. ಕಾಲಲ್ಲಿ ಒತ್ತುತ್ತ, ಕೈ ನೆಕ್ಕುತ್ತ ಅದು ತಾನಾಗಿ ಮೊಲೆ ಮುಟ್ಟಲು 30ರಿಂದ 60 ನಿಮಿಷ ಹಿಡಿಯುತ್ತದೆ. ನಮ್ಮ ಸಿಬ್ಬಂದಿಗೆ ಕಲಿಯಲು ಕಷ್ಟವಾದದ್ದು ಇದೇ: ಕಾಯುವುದು. ಹತ್ತನೇ ನಿಮಿಷಕ್ಕೇ ಯಾರೋ ತಲೆ ಹಿಡಿದು ಮೊಲೆಗೆ ಒತ್ತುತ್ತಾರೆ, ಕೂಸು ಬೆನ್ನು ಬಿಗಿದು ಹಿಂದಕ್ಕೆ ಸರಿಯುತ್ತದೆ.

ಅಡಚಣೆಗಳು ಹಲವು ಬಂದವು. ಹೊಲಿಗೆ ಹಾಕುವಾಗ ತಾಯಿ ಪೂರ್ತಿ ಅಂಗಾತ ಇದ್ದರೆ ಕೂಸು ಜಾರುತ್ತದೆ, ತಲೆದಸಿಯನ್ನು ಸುಮಾರು 30 ಡಿಗ್ರಿ ಎತ್ತಬೇಕು. ಫ್ಯಾನಿನ ಗಾಳಿ ನೇರ ಬಡಿದರೆ ಕೂಸು ತಣ್ಣಗಾಗುತ್ತದೆ, ಕೋಣೆ 25 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಮುಂದಿನ ಹೆರಿಗೆಗೆ ಮೇಜು ಬೇಕಾದಾಗ ಕೂಸನ್ನು ಬೇರೆ ಮಾಡುವುದು ಅಭ್ಯಾಸವಾಗಿತ್ತು. ಈಗ ಎದೆಯ ಮೇಲಿದ್ದ ಹಾಗೆಯೇ ಇಬ್ಬರನ್ನೂ ಒಂದೇ ಸ್ಟ್ರೆಚರಿನಲ್ಲಿ ಸಾಗಿಸುತ್ತೇವೆ. ಈ ಒಂದು ತಾಸು ಯಾರಾದರೂ ಒಬ್ಬರು ಪಕ್ಕದಲ್ಲೇ ಇದ್ದು ಕೂಸಿನ ಮೂಗು ತೆರೆದಿದೆಯೇ, ಕುತ್ತಿಗೆ ಮಡಚಿಲ್ಲವೇ, ಬಣ್ಣ ಗುಲಾಬಿ ಇದೆಯೇ ಎಂದು ನೋಡುತ್ತಲೇ ಇರಬೇಕು. ತಾಯಿ ದಣಿದಿರುತ್ತಾಳೆ, ಅವಳ ಮೇಲೆ ಈ ಹೊಣೆ ಬಿಡುವಂತಿಲ್ಲ. ಅಳದ, ಉಸಿರಾಡದ ಕೂಸಿಗೆ ಮಾತ್ರ ಇದಾವುದೂ ಇಲ್ಲ, ಮೊದಲು ಉಸಿರು.

ಸಿಜೇರಿಯನ್ ಆದವರ ಪಾಡು ಬೇರೆ, ಮತ್ತು ನಮ್ಮ ಕಣ್ತಪ್ಪು ಅತಿ ಹೆಚ್ಚು ಇದ್ದದ್ದು ಅಲ್ಲೇ. "ಅರಿವಳಿಕೆ ಇಳಿಯಲಿ, ಆಮ್ಯಾಲ ನೋಡೂಣ" ಎಂದು ಆರೆಂಟು ತಾಸು ಕಳೆಯುತ್ತಿತ್ತು. ಬೆನ್ನಿಗೆ ಕೊಟ್ಟ ಅರಿವಳಿಕೆಯಲ್ಲಿ ತಾಯಿಗೆ ಎಚ್ಚರವಿರುತ್ತದೆ. ಮಕ್ಕಳ ಡಾಕ್ಟರು ನೋಡಿ ಸರಿ ಎಂದ ಕೂಡಲೇ ಕೂಸನ್ನು ಪರದೆಯ ಮೇಲ್ಗಡೆ, ತಾಯಿಯ ಎದೆಗೆ ಅಡ್ಡಲಾಗಿ ಮಲಗಿಸಬಹುದು. ಅದಕ್ಕೆ ಮೊದಲೇ ಮೂರು ತಯಾರಿ ಬೇಕು: ಇಸಿಜಿ ಪಟ್ಟಿಗಳನ್ನು ಎದೆಯ ನಡುವೆ ಹಚ್ಚದೆ ಪಕ್ಕಕ್ಕೆ ಹಚ್ಚುವುದು, ಸಲೈನ್ ಸೂಜಿಯನ್ನು ತಾಯಿ ಹೆಚ್ಚು ಬಳಸದ ಕೈಗೆ ಹಾಕುವುದು, ಮತ್ತು ಕೂಸನ್ನು ಹಿಡಿದು ನಿಲ್ಲಲು ಒಬ್ಬ ಸಿಸ್ಟರನ್ನು ಬೇರೆ ಕೆಲಸ ಕೊಡದೆ ನೇಮಿಸುವುದು. ಅರಿವಳಿಕೆ ಡಾಕ್ಟರು ಮೊದಲೇ ಒಪ್ಪದಿದ್ದರೆ ಇದು ನಡೆಯುವುದಿಲ್ಲ. ಹಾಗಾಗಿ ಮಾತುಕತೆ ಆಪರೇಷನ್ನಿನ ಹಿಂದಿನ ದಿನವೇ ಆಗಿರಬೇಕು. ಥಿಯೇಟರಿನಲ್ಲಿ ಆಗದಿದ್ದರೆ ರಿಕವರಿ ಕೋಣೆಯಲ್ಲಿ, ಅಲ್ಲಿಗೆ ಬಂದ ಕೂಡಲೇ. ಪೂರ್ತಿ ಅರಿವಳಿಕೆ ಕೊಟ್ಟಿದ್ದರೂ ತಾಯಿ ಎಚ್ಚರಾಗಿ ಮಾತಾಡುವಂತಾದರೆ ಸಾಕು, ಕೂಸನ್ನು ಕೊಡಬಹುದು.

ವಾರ್ಡಿಗೆ ಬಂದ ಮೇಲೆ ಮೊದಲ ಹನ್ನೆರಡು ತಾಸು ಮಗ್ಗುಲಾಗಿ ಮಲಗಿಯೇ ಕುಡಿಸುವುದು ಸುಲಭ: ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಕೂಸಿನ ಬೆನ್ನಿಗೆ ಸುರುಳಿ ಸುತ್ತಿದ ಟವೆಲ್. ಎದ್ದು ಕೂರಲು ಬಂದ ಮೇಲೆ ಕೂಸಿನ ಕಾಲು ತಾಯಿಯ ಕಂಕುಳ ಕೆಳಗಿನಿಂದ ಹಿಂದಕ್ಕೆ ಹೋಗುವ ಹಾಗೆ ಪಕ್ಕದಲ್ಲಿ ಹಿಡಿಯುವುದು ಒಳ್ಳೆಯದು, ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ನೋವು ತಡೆದುಕೊಂಡು ಹಾಲು ಕುಡಿಸು ಎನ್ನುವುದು ತಪ್ಪು. ನೋವಿನಲ್ಲಿ ಹಾಲು ಇಳಿಸುವ ಹಾರ್ಮೋನು ಆಕ್ಸಿಟೋಸಿನ್ ಸರಿಯಾಗಿ ಹರಿಯುವುದಿಲ್ಲ, ಹಾಲು ಇದ್ದರೂ ಇಳಿಯುವುದಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಮೂರೂ ಹಾಲು ಕುಡಿಸುವ ತಾಯಿಗೆ ನಡೆಯುತ್ತವೆ. ಅವನ್ನು ಕೇಳಿದಾಗ ಕೊಡದೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಸಿಜೇರಿಯನ್ ಆದವರಿಗೆ ಎದೆ ತುಂಬುವುದು ಸ್ವಲ್ಪ ತಡವಾಗಬಹುದು ಎಂದು ಮೊದಲೇ ಹೇಳಿಟ್ಟರೆ ಎರಡನೇ ರಾತ್ರಿಯ ಗಾಬರಿ ಅರ್ಧಕ್ಕರ್ಧ ಇಳಿಯುತ್ತದೆ.

ಮನೆಯವರ ವಿಷಯದಲ್ಲಿ ಈ ಸೀಮೆಯ ಒಂದು ರೂಢಿ ಮುಖ್ಯ. ಚೊಚ್ಚಲ ಹೆರಿಗೆ ತವರಿನಲ್ಲಿ. ಹಾಗಾಗಿ ಕೂಸಿನ ಬಾಯಿಗೆ ಮೊದಲು ಏನು ಹೋಗಬೇಕು ಎಂದು ತೀರ್ಮಾನಿಸುವವರು ಬಾಣಂತಿಯ ಅವ್ವ. ಅವರು ಗರ್ಭಿಣಿಯ ತಪಾಸಣೆಗೆ ಬಂದವರೇ ಅಲ್ಲ, ಅಲ್ಲಿಗೆ ಬಂದದ್ದು ಅತ್ತೆ ಅಥವಾ ಗಂಡ. ನಾವು ಏಳನೇ ತಿಂಗಳಲ್ಲಿ ಹೇಳಿದ್ದೆಲ್ಲ ಬೇರೆ ಊರಿನ ಬೇರೆ ಮನೆಯಲ್ಲಿ ಉಳಿದಿರುತ್ತದೆ. ಅದಕ್ಕೇ ಹೆರಿಗೆಗೆ ದಾಖಲಾದ ಕೂಡಲೇ ಜೊತೆಗೆ ಬಂದ ಹಿರಿಯರನ್ನು ಕೂಡಿಸಿ ಐದು ನಿಮಿಷ ಮಾತಾಡುವುದನ್ನು ಕಡ್ಡಾಯ ಮಾಡಿಕೊಂಡೆವು. ಜೇನುತುಪ್ಪ, ಸಕ್ಕರೆ ನೀರು, ಔಡಲೆಣ್ಣೆ, ಬಜೆ ತೇಯ್ದದ್ದು ಇವನ್ನು "ಕೊಡಬ್ಯಾಡ್ರಿ" ಎಂದು ಗದರಿಸಿದರೆ ನಾವು ಅತ್ತ ಹೋದ ಮೇಲೆ ಕೊಡುತ್ತಾರೆ. "ಎಮ್ಮಿ ಈದಾಗ ಕರಕ್ಕ ಗಿಣ್ಣದ ಹಾಲ ಬಿಡದ ಇರತೀರೇನ್ರಿ ಅವ್ವಾರ?" ಎಂದು ಕೇಳಿದರೆ ಬೇರೆ ಮಾತೇ ಬೇಕಿಲ್ಲ. ಗದಗ, ಹಾವೇರಿ ಕಡೆಯ ಒಕ್ಕಲು ಮನೆಯವರಿಗೆ ಗಿಣ್ಣ ಕುಡಿಯದ ಕರು ಏಳುವುದಿಲ್ಲ ಎಂದು ಯಾರೂ ಕಲಿಸಬೇಕಾಗಿಲ್ಲ. "ಹೊಲಸ ಹಾಲು" ಎಂದು ಹಿಂಡಿ ಚೆಲ್ಲುವ ಕೈ ಅಲ್ಲೇ ನಿಲ್ಲುತ್ತದೆ. ಜೇನುತುಪ್ಪ ಯಾಕೆ ಬೇಡ ಅನ್ನುವುದಕ್ಕೆ ಕಾರಣವನ್ನೂ ಹೇಳುತ್ತೇವೆ: ಅದರಲ್ಲಿ ಇರಬಹುದಾದ ಬೊಟುಲಿಸಂ ಬೀಜಾಣು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಬೆಳೆದು ಮೈಯ ಸ್ನಾಯುಗಳನ್ನು ಸಡಿಲ ಮಾಡಬಲ್ಲದು.

ಬಾಣಂತಿಯ ಊಟದ ಪದ್ಧತಿಯನ್ನು ಮಾತ್ರ ನಾವು ಕೆಣಕುವುದಿಲ್ಲ. ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ, ರೊಟ್ಟಿ, ಬೇಳೆ ಎಲ್ಲವೂ ಇರಲಿ. ಹಾಲು ಕುಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು, ಆ ಉಂಡಿಗಳಿಂದ ಅದು ಸಿಗುತ್ತದೆ. ವಿರೋಧ ಇರುವುದು ಒಂದೇ ವಿಷಯಕ್ಕೆ: ನೀರು ಕಡಿಮೆ ಕೊಡುವುದು. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಿನಲ್ಲಿ ಬಾಣಂತಿಗೆ ದಿನಕ್ಕೆ ಎರಡು ಲೋಟ ನೀರು ಅಂದರೆ ಅದು ಶಿಕ್ಷೆ. ಪ್ರತಿ ಸಲ ಹಾಲು ಕುಡಿಸಲು ಕೂತಾಗ ಪಕ್ಕದಲ್ಲಿ ಒಂದು ತಂಬಿಗೆ ನೀರು ಇರಬೇಕು. ಕೂಸಿಗೆ ಮಾತ್ರ ಆರು ತಿಂಗಳವರೆಗೆ ನೀರು ಬೇಡ, ಬ್ಯಾಸಗಿಯಲ್ಲೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರೇ ಇದೆ.

ಇನ್ನು ನಮ್ಮ ಕೆಲಸದ ನಡುಮಧ್ಯದ ಭಾಗ. ವಾರ್ಡಿನ ಸುತ್ತಿನಲ್ಲಿ "ಹಾಲು ಕುಡೀತೈತೇನವಾ?" ಎಂದು ಕೇಳುವುದು, ತಾಯಿ "ಹ್ಞೂಂ" ಎನ್ನುವುದು, ಕೇಸ್ ಶೀಟಿನಲ್ಲಿ 'ಸರಿಯಾಗಿದೆ' ಎಂದು ಬರೆಯುವುದು. ಬಹಳ ವರ್ಷ ಇದನ್ನೇ ತಪಾಸಣೆ ಎಂದುಕೊಂಡಿದ್ದೆವು. ಇದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ಪಾಳಿಯಲ್ಲಿ ಪ್ರತಿ ತಾಯಿಯ ಪಕ್ಕದಲ್ಲಿ ಒಂದು ಸಲ, ಕೂಸು ಬಾಯಿ ಹಚ್ಚಿದಾಗಿನಿಂದ ತಾನಾಗಿ ಬಿಡುವವರೆಗೆ, ಕೂತು ನೋಡಬೇಕು. ಹದಿನೈದರಿಂದ ಮೂವತ್ತು ನಿಮಿಷ ಬೇಕು. ಸಿಬ್ಬಂದಿ ಕಡಿಮೆ ಇದ್ದಾಗ ಇದು ಭಾರವೇ. ಆದರೆ ಹಗಲು ಕೂತ ಅರ್ಧ ತಾಸು ರಾತ್ರಿ ಹತ್ತು ಸಲ ಎದ್ದು ಓಡುವುದನ್ನು ತಪ್ಪಿಸುತ್ತದೆ. ಎಲ್ಲರ ಪಕ್ಕ ಕೂರಲು ಆಗದ ದಿನ ಚೊಚ್ಚಲು, ಸಿಜೇರಿಯನ್, 2.5 ಕೆಜಿಗಿಂತ ಕಡಿಮೆ ತೂಕದ ಕೂಸು, ಈ ಮೂರು ಗುಂಪಿಗೆ ಮೊದಲ ಆದ್ಯತೆ.

ಕೂತಾಗ ಮೊದಲು ಮಾಡುವುದು ಕೂಸನ್ನು ಬಿಚ್ಚುವುದು. ತಲೆಗೆ ಕುಲಾವಿ, ಮೈಗೆ ಹಳೆ ಸೀರೆಯ ಮೂರು ಸುತ್ತು, ಒಳಗೆ ಕಟ್ಟಿಟ್ಟ ಕೈಗಳು. ಇಂಥ ಗಂಟು ತಾಯಿಯ ಮೈಗೆ ಹತ್ತಿರ ಬರಲಾರದು. ಆಮೇಲೆ ತಾಯಿಯ ಕೂರುವ ರೀತಿ. ನಮ್ಮ ಕಬ್ಬಿಣದ ಮಂಚಗಳು ಎತ್ತರ, ಕಾಲು ಜೋತುಬಿದ್ದರೆ ಬೆನ್ನು ಬಾಗಿ ಐದು ನಿಮಿಷಕ್ಕೆ ಸೊಂಟ ಹಿಡಿಯುತ್ತದೆ, ಕಾಲ ಕೆಳಗೆ ಮಣೆ ಇಡಬೇಕು. ಕೂಸಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ ಇರಲಿ, ಹೊಟ್ಟೆಗೆ ಹೊಟ್ಟೆ ತಾಗಿರಲಿ, ಬರಿ ತಲೆಗಲ್ಲ, ಇಡೀ ಮೈಗೆ ಆಸರೆ ಇರಲಿ. ತಲೆ ಮಾತ್ರ ತಿರುಗಿಸಿ ಕುಡಿಯುವ ಕೂಸನ್ನು ಕಂಡಾಗ ತಾಯಿಗೆ ಹೇಳುತ್ತೇವೆ: "ನೀ ಹೊಳ್ಳಿ ಹಿಂದ ನೋಡಕೋತ ನೀರ ಕುಡದ ನೋಡು ತಂಗಿ." ನಕ್ಕು ತಾನೇ ಸರಿಪಡಿಸಿಕೊಳ್ಳುತ್ತಾಳೆ.

ಮೊಲೆಯನ್ನು ಎರಡು ಬೆರಳ ನಡುವೆ ಕತ್ತರಿಯ ಹಾಗೆ ಹಿಡಿಯುವುದು ಎಲ್ಲರ ಅಭ್ಯಾಸ. ಆ ಬೆರಳುಗಳು ಕೂಸಿನ ಬಾಯಿಗೇ ಅಡ್ಡ. ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ, ಕಪ್ಪು ಭಾಗದಿಂದ ಸಾಕಷ್ಟು ಹಿಂದೆ ಇರಬೇಕು. ಕೂಸಿನ ಮೂಗಿನ ನೇರಕ್ಕೆ ತೊಟ್ಟು ಬರಲಿ, ತುಟಿಗೆ ಸವರಲಿ, ಕೂಸು ಆಕಳಿಸಿದಷ್ಟು ಬಾಯಿ ತೆರೆಯುವವರೆಗೆ ಕಾಯಲಿ, ಆಗ ಕೂಸನ್ನು ಮೊಲೆಯ ಕಡೆ ಸರಸರನೆ ತರಬೇಕು. ಮೊಲೆಯನ್ನು ಕೂಸಿನ ಕಡೆ ಬಗ್ಗಿಸಬಾರದು. ಸರಿಯಾಗಿ ಹಿಡಿದಿದ್ದಕ್ಕೆ ನಾಲ್ಕು ಗುರುತು: ಗದ್ದ ಮೊಲೆಗೆ ತಾಗಿದೆ, ಬಾಯಿ ಅಗಲವಾಗಿದೆ, ಕೆಳತುಟಿ ಹೊರಮಡಚಿದೆ, ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದೆ. ಮೊದಲು ಬೇಗಬೇಗ ಚೀಪಿ, ನಂತರ ನಿಧಾನಕ್ಕೆ ಆಳವಾಗಿ ಎಳೆದು, ನಡುನಡುವೆ ನಿಲ್ಲಿಸಿ ಗುಟುಕು ನುಂಗುವುದು ಕೇಳಬೇಕು. ಕೆನ್ನೆ ಒಳಗೆ ಗುಳಿ ಬಿದ್ದರೆ, ಚಪ್ಪರಿಸುವ ಸದ್ದು ಬಂದರೆ ಹಿಡಿತ ತಪ್ಪಿದೆ. ಬಿಟ್ಟ ಮೇಲೆ ತೊಟ್ಟನ್ನು ನೋಡಿ: ದುಂಡಗಿದ್ದರೆ ಸರಿ, ಒಂದು ಕಡೆ ಚಪ್ಪಟೆಯಾಗಿ ಓರೆ ಕತ್ತರಿಸಿದ ಹಾಗಿದ್ದರೆ ಕೂಸು ತೊಟ್ಟನ್ನಷ್ಟೇ ಜಗಿದಿದೆ. ತೆಗೆಯಬೇಕಾದಾಗ ಎಳೆಯಬಾರದು, ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಬೇಕು.

ಇದೆಲ್ಲ ಹೇಳುವಾಗ ನಮ್ಮ ಕೈ ನಮ್ಮ ಬೆನ್ನ ಹಿಂದೆ. ನಾವೇ ಮೊಲೆ ಹಿಡಿದು ಕೂಸಿನ ಬಾಯಿಗೆ ತುರುಕಿದರೆ ಆ ಹೊತ್ತಿಗೆ ಹಾಲು ಇಳಿಯಬಹುದು, ಆದರೆ ತಾಯಿಗೆ ಕಲಿತದ್ದು ಏನೂ ಇರುವುದಿಲ್ಲ, ಮೇಲಾಗಿ ಮುಜುಗರ. ತೋರಿಸಲು ಒಂದು ಗೊಂಬೆ, ಮತ್ತು ಹಳೆ ಕುಪ್ಪಸದ ಬಟ್ಟೆಯಲ್ಲಿ ಹತ್ತಿ ತುಂಬಿ ಹೊಲಿದ ಮೊಲೆಯ ಮಾದರಿ ಸಾಕು. ಪರದೆ ಬೇಕೇ ಬೇಕು. ಪಕ್ಕದ ಮಂಚದವರ ಗಂಡ, ಮೈದುನರು ನಿಂತಿರುವಾಗ ಸೆರಗಿನೊಳಗೆ ಕುಡಿಸುವ ತಾಯಿಗೆ ಕೂಸಿನ ಬಾಯಿಯೇ ಕಾಣುವುದಿಲ್ಲ.

ಅಳುವುದು ಹಸಿವಿನ ಕೊನೆಯ ಗುರುತು. ಅದಕ್ಕೂ ಮೊದಲು ಕೂಸು ಕೈ ಬಾಯಿಗೆ ಒಯ್ಯುತ್ತದೆ, ತಲೆ ಆಚೀಚೆ ಹೊರಳಿಸುತ್ತದೆ, ನಾಲಗೆ ಹೊರಚಾಚುತ್ತದೆ. ಆಗಲೇ ಹಚ್ಚಿದರೆ ಹಿಡಿತ ಸುಲಭ. ಇದಕ್ಕಾಗಿಯೇ ಕೂಸು ತಾಯಿಯ ಮಂಚದ ಪಕ್ಕದಲ್ಲೇ ಇರಬೇಕು. 24 ತಾಸಿನಲ್ಲಿ 8ರಿಂದ 12 ಸಲ, ಗಡಿಯಾರ ನೋಡದೆ.

ತೊಂದರೆಗಳಲ್ಲಿ ತೊಟ್ಟಿನ ಬಿರುಕು ಮೊದಲನೆಯದು. ಮುಲಾಮು ಬರೆದು ಕಳಿಸಿದರೆ ಅದು ವಾಸಿಯಾಗುವುದಿಲ್ಲ, ಹಿಡಿತ ಸರಿಯಾದರೆ ವಾಸಿಯಾಗುತ್ತದೆ. ಹಾಲಿನ ಕೊನೆಯ ಹನಿಯನ್ನೇ ಸವರಿ ಗಾಳಿಗೆ ಒಣಗಿಸಲಿ, ಸೋಪು ಹಚ್ಚದಿರಲಿ. ಒಳಸೇರಿದ ತೊಟ್ಟಿಗೆ ಸಿರಿಂಜಿನ ಉಪಾಯ ಇದೆ: ಹೊಸ 10 ಅಥವಾ 20 ಮಿಲಿ ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಒಳದಂಡವನ್ನು ಆ ಕತ್ತರಿಸಿದ ಕಡೆಯಿಂದ ತೂರಿಸಬೇಕು, ನುಣುಪಾದ ಕಡೆ ಮೊಲೆಗೆ ಬರಬೇಕು. ತಾಯಿಯೇ ಮೆಲ್ಲಗೆ ಎಳೆದು ಅರ್ಧದಿಂದ ಒಂದು ನಿಮಿಷ ಹಿಡಿದು, ಕೂಡಲೇ ಕೂಸನ್ನು ಹಚ್ಚಬೇಕು. ಕತ್ತರಿಸಿದ ಒರಟು ಕಡೆಯನ್ನೇ ಹಚ್ಚಿ ಗಾಯ ಮಾಡಿಕೊಂಡವರೂ ಇದ್ದಾರೆ, ಅದಕ್ಕೇ ನಾವೇ ಕತ್ತರಿಸಿ ಕೊಡುತ್ತೇವೆ.

ಮೂರರಿಂದ ಐದನೇ ದಿನದ ನಡುವೆ ಎದೆ ಕಲ್ಲಾಗುವುದು ಬಹಳ ಮಂದಿಗೆ ಆಗುತ್ತದೆ, ಆ ಹೊತ್ತಿಗೆ ಅವರು ಮನೆಗೆ ಹೋಗಿರುತ್ತಾರೆ. ಉಬ್ಬಿದ ಮೊಲೆಯ ತೊಟ್ಟು ಚಪ್ಪಟೆಯಾಗಿ ಕೂಸಿಗೆ ಹಿಡಿಯಲು ಬರುವುದಿಲ್ಲ. ತೊಟ್ಟಿನ ಬುಡದ ಸುತ್ತ ಐದು ಬೆರಳ ತುದಿ ಇಟ್ಟು ಎದೆಯ ಕಡೆಗೆ ಒಂದು ನಿಮಿಷ ಒತ್ತಿ ಹಿಡಿದರೆ ಅಲ್ಲಿನ ಊತ ಹಿಂದೆ ಸರಿದು ಮೆತ್ತಗಾಗುತ್ತದೆ. ಸ್ವಲ್ಪ ಹಾಲು ಹಿಂಡಿ ಹಚ್ಚಬಹುದು. ಕುಡಿಸಿದ ಮೇಲೆ ತಣ್ಣೀರ ಬಟ್ಟೆ. ಜೋರಾಗಿ ತಿಕ್ಕಿ ನೀವುವುದು ಬೇಡ, ಊತ ಹೆಚ್ಚುತ್ತದೆ. ಒಂದು ಭಾಗ ಕೆಂಪಾಗಿ ಜ್ವರ ಬಂದರೂ ಕುಡಿಸುವುದನ್ನು ನಿಲ್ಲಿಸಬಾರದು. ಒಂದು ದಿನದಲ್ಲಿ ಇಳಿಯದಿದ್ದರೆ ಡಾಕ್ಟರ ಹತ್ತಿರ ಬರಬೇಕು, ಮೊಲೆಬಾವು ಕೀವಾಗುವ ಮೊದಲೇ.

ಕೂಸು ಎಸ್‌ಎನ್‌ಸಿಯುನಲ್ಲಿ (ಕಾಯಿಲೆಯ, ತೂಕ ಕಡಿಮೆಯ ನವಜಾತ ಕೂಸುಗಳ ವಿಶೇಷ ಆರೈಕೆ ಘಟಕದಲ್ಲಿ) ಇದ್ದಾಗ ತಾಯಿ ವಾರ್ಡಿನಲ್ಲಿ ಒಬ್ಬಳೇ ಕೂತು ಉಳಿದವರ ಕೂಸುಗಳ ಅಳು ಕೇಳುತ್ತಿರುತ್ತಾಳೆ. ಇಂಥವಳನ್ನು ಯಾರೂ ಹಾಲಿನ ಬಗ್ಗೆ ಕೇಳದಿದ್ದರೆ ನಾಲ್ಕೈದು ದಿನದಲ್ಲಿ ಹಾಲು ಬತ್ತಲು ಶುರುವಾಗುತ್ತದೆ. ಹೆರಿಗೆಯಾದ ಆರು ತಾಸಿನೊಳಗೆ ಹಿಂಡುವುದು ಆರಂಭವಾಗಬೇಕು, ದಿನಕ್ಕೆ ಎಂಟು ಸಲ, ಅದರಲ್ಲಿ ಒಂದಾದರೂ ನಡುರಾತ್ರಿಯ ನಂತರ. ಕೈ ತೊಳೆದು, ಕುದಿಸಿ ಆರಿಸಿದ ಅಗಲ ಬಾಯಿಯ ಸ್ಟೀಲ್ ಬಟ್ಟಲು ಹಿಡಿದು, ತೊಟ್ಟಿನಿಂದ ಸುಮಾರು ಎರಡು ಬೆರಳು ಹಿಂದೆ ಹೆಬ್ಬೆರಳು ಮತ್ತು ತೋರುಬೆರಳನ್ನು ಎದುರುಬದುರು ಇಡಬೇಕು. ಮೊದಲು ಎದೆಗೂಡಿನ ಕಡೆ ಒತ್ತು, ಆಮೇಲೆ ಬೆರಳುಗಳನ್ನು ಕೂಡಿಸು, ಬಿಡು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಹಿಂಡಬಾರದು. ಒಂದು ಕಡೆ ಮೂರರಿಂದ ಐದು ನಿಮಿಷ, ಮತ್ತೊಂದು ಕಡೆ ಅಷ್ಟೇ, ಹೀಗೆ ಅದಲು ಬದಲು ಇಪ್ಪತ್ತರಿಂದ ಮೂವತ್ತು ನಿಮಿಷ. ಮೊದಲ ದಿನ ಬಟ್ಟಲಿನ ತಳ ಮಾತ್ರ ಒದ್ದೆಯಾಗಬಹುದು. ಆ ಹನಿಗಳನ್ನೂ 2 ಮಿಲಿ ಸಿರಿಂಜಿನಲ್ಲಿ ಎಳೆದು ಒಯ್ದು ಕೂಸಿನ ಕೆನ್ನೆಯ ಒಳಬದಿಗೆ ಸವರುತ್ತೇವೆ, ಮತ್ತು ಸವರಿದೆವೆಂದು ತಾಯಿಗೆ ಬಂದು ಹೇಳುತ್ತೇವೆ. ಈ ಹೇಳುವುದನ್ನು ಮರೆಯಬಾರದು.

ಹಿಂಡಿದ ಹಾಲು ನಮ್ಮ ಬ್ಯಾಸಗಿಯಲ್ಲಿ ಹೊರಗೆ ನಾಲ್ಕು ತಾಸಿಗಿಂತ ಹೆಚ್ಚು ಇಡುವುದಿಲ್ಲ, ಫ್ರಿಜ್ಜಿನಲ್ಲಿ 24 ತಾಸು. ಬಟ್ಟಲಿನ ಮೇಲೆ ತಾಯಿಯ ಹೆಸರು, ತಾರೀಖು, ಹೊತ್ತು. ಸುಮಾರು 34 ವಾರ ತುಂಬಿದ ಕೂಸುಗಳು ನೇರ ಮೊಲೆ ಹಿಡಿಯಬಲ್ಲವು, 32ರಿಂದ 34 ವಾರದವಕ್ಕೆ ಒಳಲೆ, ಅದಕ್ಕೂ ಮೊದಲಿನವಕ್ಕೆ ಕೊಳವೆ. ಬಾಟಲಿ ಬೇಡ. ಒಳಲೆ ಈ ನೆಲದ್ದೇ ಸಾಧನ, ಅಜ್ಜಿಯರಿಗೆ ಹಿಡಿಯಲು ಬರುತ್ತದೆ. ಆದರೆ ಅವರು ಕೂಸನ್ನು ಅಂಗಾತ ಮಲಗಿಸಿ ಸುರಿಯುತ್ತಾರೆ. ಅದು ನೆತ್ತಿಗೇರುವ, ಉಸಿರಿನ ದಾರಿಗೆ ಹೋಗುವ ದಾರಿ. ಅರೆಕೂತ ಭಂಗಿಯಲ್ಲಿ ಹಿಡಿದು, ಮೂತಿಯನ್ನು ಬಾಯಿಯ ಮೂಲೆಗೆ ಇಟ್ಟು, ಕೆಲವೇ ಹನಿ ಬಿಟ್ಟು, ನುಂಗಿದ ಮೇಲೆ ಮತ್ತೆ. ತೂಕ ಕಡಿಮೆ ಇರುವ ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ದಿನಕ್ಕೆ ಎಂಟು ತಾಸಾದರೂ ನಡೆಯಬೇಕು, ಒಂದು ಸಲಕ್ಕೆ ಒಂದು ತಾಸಿಗೆ ಕಡಿಮೆಯಿಲ್ಲದಂತೆ. ಎದೆಗಂಟಿದ ಕೂಸು ಇದ್ದಾಗ ಹಾಲು ಹೆಚ್ಚು ಬರುವುದು ಬಟ್ಟಲಿನ ಗುರುತಿನಲ್ಲೇ ಕಾಣುತ್ತದೆ.

ಡಬ್ಬಿ ಹಾಲು ಎಂದೂ ಬೇಡ ಎನ್ನುವವರಲ್ಲ ನಾವು. ಸಕ್ಕರೆ ಅಂಶ ಕುಸಿದ ಕೂಸು, ವಿಪರೀತ ತೂಕ ಇಳಿದ ಕೂಸು, ಹೆರಿಗೆಯಲ್ಲಿ ಭಾರೀ ರಕ್ತಸ್ರಾವವಾಗಿ ಹಾಲೇ ಬಾರದ ತಾಯಿ, ಇಂಥಲ್ಲಿ ಅದು ಔಷಧ. ಔಷಧವನ್ನು ಬರೆಯುವ ಹಾಗೆಯೇ ಬರೆಯಬೇಕು: ಕಾರಣ ಏನು, ಎಷ್ಟು ಮಿಲಿ, ಎಷ್ಟು ಸಲ, ಯಾವಾಗ ನಿಲ್ಲಿಸುವುದು. ಕೊಡುವುದಕ್ಕೆ ಮೊದಲು ತಾಯಿಯ ಹಿಂಡಿದ ಹಾಲು, ಅದಿಲ್ಲದಿದ್ದರೆ 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿದ ದಾನಿ ಹಾಲು ಸಿಗುತ್ತದೆಯೇ ನೋಡಬೇಕು. ಹಾಲು ಬಾರದ ತಾಯಿಯನ್ನು ದೂಷಿಸುವ ಒಂದು ಮಾತೂ ವಾರ್ಡಿನಲ್ಲಿ ಕೇಳಬಾರದು. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ, 2003ರ ತಿದ್ದುಪಡಿಯ ಸಹಿತ, ಕಂಪನಿಗಳು ಆಸ್ಪತ್ರೆಯಲ್ಲಿ ಪ್ರಚಾರ ಮಾಡುವುದನ್ನೂ ಸಿಬ್ಬಂದಿಗೆ ಉಡುಗೊರೆ ಕೊಡುವುದನ್ನೂ ನಿಷೇಧಿಸಿದೆ. ಕ್ಯಾಲೆಂಡರ್, ಪೆನ್ನು ಎಂದು ಸುಮ್ಮನಿರುವಂತಿಲ್ಲ.

"ಗುಳಗಿ ತಗೊಳ್ಳಾಕತ್ತೀನಿ, ಹಾಲ ಕುಡಸಬಹುದೇನ್ರಿ?" ಎಂಬ ಪ್ರಶ್ನೆಗೆ ಔಷಧ ಅಂಗಡಿಯವರು "ಬ್ಯಾಡ" ಎಂದುಬಿಡುತ್ತಾರೆ. ವಾರ್ಡಿನಲ್ಲಿ ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್, ಸೆಫಲೊಸ್ಪೊರಿನ್, ಕಬ್ಬಿಣ, ಕ್ಯಾಲ್ಸಿಯಂ ಇವ್ಯಾವಕ್ಕೂ ಹಾಲು ನಿಲ್ಲಿಸಬೇಕಿಲ್ಲ. ಕ್ಯಾನ್ಸರ್ ಔಷಧ, ವಿಕಿರಣ ಅಯೋಡಿನ್ ಇಂಥವು ಬೇರೆ. ಹೆಪಟೈಟಿಸ್ ಬಿ ಇರುವ ತಾಯಿ, ಕೂಸಿಗೆ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಕೊಡಿಸಿ ಕುಡಿಸಬಹುದು.

ಮನೆಗೆ ಕಳಿಸುವ ದಿನ ತೂಕ ಮತ್ತೆ ತೂಗುತ್ತೇವೆ. ಹುಟ್ಟಿದ ತೂಕದಲ್ಲಿ ನೂರಕ್ಕೆ ಏಳರವರೆಗೆ ಇಳಿಯುವುದು ಸಹಜ, ಹತ್ತಕ್ಕೆ ಮುಟ್ಟಿದರೆ ಕಳಿಸುವುದಿಲ್ಲ. ತಾಯಿಗೂ ಅವ್ವನಿಗೂ ಕಲಿಸುವುದು ಉಚ್ಚೆಯ ಲೆಕ್ಕ: ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು, ಮೂರನೇ ದಿನ ಮೂರು, ಐದನೇ ದಿನದ ನಂತರ ಆರು ಅಥವಾ ಹೆಚ್ಚು. ಕಪ್ಪು ಮಲ ನಾಲ್ಕೈದನೇ ದಿನಕ್ಕೆ ಹಳದಿಗೆ ತಿರುಗಬೇಕು. ಮೂರು ದಿನದ ಮೇಲೂ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕಲೆ ಕಂಡರೆ ಹಾಲು ಸಾಲುತ್ತಿಲ್ಲ, ಬರಬೇಕು. ಹತ್ತರಿಂದ ಹದಿನಾಲ್ಕು ದಿನಕ್ಕೆ ಹುಟ್ಟಿದ ತೂಕ ಮರಳಿರಬೇಕು.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕೆಂಬ ನಿಯಮವಿದೆ. ಮೂರನೇ ದಿನದ ಭೇಟಿ ಎದೆ ಕಲ್ಲಾಗುವ ಹೊತ್ತಿಗೇ ಸರಿಯಾಗಿ ಬರುತ್ತದೆ, ಆದರೆ ತಪ್ಪಿಹೋಗುವುದೂ ಅದೇ. ತಾಯಿ ಕಾರ್ಡು ಗಂಡನ ಊರಿನದು, ಬಾಣಂತನ ತವರಿನಲ್ಲಿ. ಶಿಗ್ಗಾಂವಿಯ ಆಶಾ ಬಾಗಿಲು ತಟ್ಟುವಾಗ ಬಾಣಂತಿ ನವಲಗುಂದದಲ್ಲಿ ಇರುತ್ತಾಳೆ, ನವಲಗುಂದದ ಆಶಾಗೆ ಅವಳು ಬಂದದ್ದೇ ಗೊತ್ತಿರುವುದಿಲ್ಲ. ಈಗ ಬಿಡುಗಡೆ ಚೀಟಿಯ ಮೇಲೆ ಬಾಣಂತನದ ಊರನ್ನು ದೊಡ್ಡದಾಗಿ ಬರೆಯುತ್ತೇವೆ, ಯಾವ ಭಂಗಿಯಲ್ಲಿ ಕೂಸು ಚೆನ್ನಾಗಿ ಹಿಡಿಯುತ್ತದೆ, ಯಾವ ಮಗ್ಗುಲು ತ್ರಾಸು ಕೊಡುತ್ತಿದೆ ಎಂದೂ ಬರೆಯುತ್ತೇವೆ. ಬಾಣಂತಿ, ಕೂಸನ್ನು ಮನೆಗೆ ಬಿಡುವ 'ನಗು ಮಗು' ಗಾಡಿ ಬಾಗಿಲಿಗೆ ಬಂದು ನಿಂತಿದ್ದರೂ ಸರಿ, ತವರೂರಿನ ಆಶಾಗೆ ಫೋನು ಹಚ್ಚಿ "ನಾಳೆ ಮುಂಜಾನೆ ಹೋಗಿ ಬರ್ರಿ ಅಕ್ಕಾರ, ಬಲಗಡೆ ಹಿಡಿಯೂದು ನೋಡ್ರಿ" ಎಂದು ಹೇಳಿದ ಮೇಲೆಯೇ ಚೀಟಿಯನ್ನು ತಾಯಿಯ ಕೈಗೆ ಕೊಡುತ್ತೇವೆ.